ಕೋಬೋಟೂಲ್‌ಬಾಕ್ಸ್ ರಿವ್ಯೂ: ಹಳ್ಳಿ ಸರ್ವೆಗೆ ಪ್ರಶ್ನಾವಳಿ ಪೈಲಟ್ ಮಾಡೋರಿಗೆ

ಸರ್ವೆ ಕೆಲಸಕ್ಕೆ ಹೊಸದಾಗಿ ಬಂದೋರು ಎಲ್ಲರೂ ಕೇಳೋದು ಒಂದೇ, ಗೂಗಲ್ ಫಾರ್ಮ್ ಸಾಕಾ ಇಲ್ಲ ಕೋಬೋ (ಫೋನಲ್ಲಿ ಸರ್ವೆ ತುಂಬೋ ಸಾಫ್ಟ್‌ವೇರ್) ಕಲೀಲೇಬೇಕಾ ಅಂತ. ಪ್ರತಿ ಸಲ ವಾಟ್ಸಾಪಲ್ಲಿ ಉದ್ದುದ್ದ ವಾಯ್ಸ್ ಮೆಸೇಜ್ ಕಳ್ಸಿ ಸಾಕಾಗಿ ಈಗ ಇಲ್ಲೇ ಬರೆದು ಹಾಕ್ತಿದೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ. ನಾನು ನೋಡಿರೋದು ಹೆಚ್ಚಾಗಿ ಕೊಪ್ಪಳ, ಗದಗ ಕಡೆ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡೋ ಸರ್ವೆ, ಸ್ವಲ್ಪ ಉಡುಪಿ ಕಡೆದು. ಆನ್‌ಲೈನಲ್ಲಿ ಲಿಂಕ್ ಹಂಚಿ ಜನ ತಾವೇ ತುಂಬೋ ಸರ್ವೆ ನಿಮ್ದಾದ್ರೆ ಈ ರಿವ್ಯೂ ಅರ್ಧ ಮಾತ್ರ ಉಪಯೋಗಕ್ಕೆ ಬರುತ್ತೆ.

ಮೊದ್ಲೇ ರೇಟಿಂಗ್ ಹೇಳ್ಬಿಡ್ತೀನಿ. ಡೇಟಾ ಕಲೆಕ್ಷನ್ ಟೂಲ್ ಆಗಿ 5ಕ್ಕೆ 4. ಪೈಲಟ್‌ಗೆ, ಅಂದ್ರೆ ಮುಖ್ಯ ಸರ್ವೆಗೆ ಮುಂಚೆ ಸ್ವಲ್ಪ ಜನರ ಹತ್ರ ಪ್ರಶ್ನೆ ಟೆಸ್ಟ್ ಮಾಡೋ ಟೂಲ್ ಆಗಿ, ಸರಿಯಾಗಿ ಬಳಸಿದ್ರೆ ನಾಲ್ಕೂವರೆ, ಎಲ್ಲರೂ ಬಳಸೋ ಥರ ಬಳಸಿದ್ರೆ ಎರಡು. ಈ ಎರಡಕ್ಕೂ ನಾಲ್ಕೂವರೆಗೂ ಮಧ್ಯೆ ಏನಿದೆ ಅನ್ನೋದೇ ನಂಗೆ ಹೇಳ್ಬೇಕಾಗಿರೋದು.

ಗೊತ್ತಿಲ್ದೋರಿಗೆ ಚಿಕ್ಕದಾಗಿ: ಕೋಬೋ ಅನ್ನೋದು ಹಾರ್ವರ್ಡ್ ಹ್ಯುಮಾನಿಟೇರಿಯನ್ ಇನಿಷಿಯೇಟಿವ್ ಕಡೆಯಿಂದ ಬೆಳೆದು ಬಂದ ಸಾಫ್ಟ್‌ವೇರ್, ಯುದ್ಧ, ಭೂಕಂಪ, ನಿರಾಶ್ರಿತರ ಕ್ಯಾಂಪು ಇಂಥ ಕಡೆ ಸರ್ವೆ ಮಾಡೋರಿಗೆ ಅಂತ ಮಾಡಿದ್ದು. ಒಳಗೆ ಓಡ್ತಿರೋದು ಓಡಿಕೆ, ಅಂದ್ರೆ 2008ರಲ್ಲಿ ವಾಷಿಂಗ್ಟನ್ ಯೂನಿವರ್ಸಿಟಿಯಲ್ಲಿ ಶುರುವಾದ ಓಪನ್ ಡೇಟಾ ಕಿಟ್‌ದೇ ವಂಶ. ಕಂಪ್ಯೂಟರಲ್ಲಿ ಫಾರ್ಮ್ ಮಾಡ್ತೀರ, ಎನ್ಯುಮರೇಟರ್ (ಮನೆಮನೆಗೆ ಹೋಗಿ ಪ್ರಶ್ನೆ ಕೇಳೋರು) ಫೋನಲ್ಲಿ ಕೋಬೋಕಲೆಕ್ಟ್ ಅನ್ನೋ ಆಪ್ ಹಾಕ್ತೀರ, ಫಾರ್ಮ್ ಇಳಿಸ್ಕೊಂಡ್ರೆ ಆಮೇಲೆ ನೆಟ್ ಬೇಕಿಲ್ಲ, ಸಂಜೆ ಊರಿಗೆ ಬಂದು ನೆಟ್ ಸಿಕ್ಕಾಗ ಎಲ್ಲಾ ಮೇಲೆ ಹೋಗುತ್ತೆ. ಆಪ್ ಆಂಡ್ರಾಯ್ಡ್‌ಗೆ ಮಾತ್ರ, ಐಫೋನ್ ಇಟ್ಕೊಂಡಿರೋ ಸರ್‌ಗಳು ಬ್ರೌಸರಲ್ಲಿ ಲಿಂಕ್ ತೆಗ್ದು ತುಂಬ್ಬೇಕು. ಕುಷ್ಟಗಿ ಕಡೆ ಒಳಗಿನ ಹಳ್ಳಿಗಳಲ್ಲಿ ಸಿಗ್ನಲ್ ಹುಡುಕ್ಕೊಂಡು ಗುಡಿ ಕಟ್ಟೆ ಹತ್ತಿದೋರಿಗೆ ಈ ಆಫ್‌ಲೈನ್ ಒಂದಕ್ಕೇ ಗೂಗಲ್ ಫಾರ್ಮ್ ಬಿಡ್ಬೇಕು ಅನ್ಸುತ್ತೆ. ಗೂಗಲ್ ಫಾರ್ಮಲ್ಲಿ ಇನ್ನೊಂದು ತಾಪತ್ರಯ ಏನಂದ್ರೆ ಇಂಥ ಉತ್ತರ ಬಂದ್ರೆ ಇಂಥ ಪ್ರಶ್ನೆಗೆ ಹೋಗು ಅನ್ನೋದನ್ನ ಸೆಕ್ಷನ್ ಲೆಕ್ಕದಲ್ಲೇ ಮಾಡ್ಬೇಕು, ಒಂದೊಂದು ಪ್ರಶ್ನೆ ಮಟ್ಟದಲ್ಲಿ ಆಗಲ್ಲ, ಪ್ರಶ್ನೆ ಮೂವತ್ತು ದಾಟ್ತು ಅಂದ್ರೆ ತಲೆ ಕೆಟ್ಟೋಗುತ್ತೆ. ಕಾಲೇಜ್ ಪ್ರಾಜೆಕ್ಟಿಗೆ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಅಭಿಪ್ರಾಯ ಕೇಳೋಕೆ ಗೂಗಲ್ ಫಾರ್ಮ್ ಧಾರಾಳ ಸಾಕು, ಸುಮ್ನೆ ದೊಡ್ಡದಕ್ಕೆ ಹೋಗ್ಬೇಡಿ.

ಫಾರ್ಮ್ ಮಾಡೋಕೆ ಎರಡು ದಾರಿ. ಒಂದು ವೆಬ್‌ಸೈಟಲ್ಲೇ ಇರೋ ಫಾರ್ಮ್ ಬಿಲ್ಡರ್, ಮೌಸಲ್ಲಿ ಎಳ್ಕೊಂಡು ಹೋಗ್ಬಹುದು, ಮೊದಲ ಸಲದೋರಿಗೆ ಚೆನ್ನಾಗಿದೆ. ಇನ್ನೊಂದು ಎಕ್ಸ್‌ಎಲ್‌ಎಸ್‌ಫಾರ್ಮ್, ಅಂದ್ರೆ ಎಕ್ಸೆಲಲ್ಲಿ ಮೂರು ಶೀಟ್, ಒಂದರಲ್ಲಿ ಪ್ರಶ್ನೆ, ಒಂದರಲ್ಲಿ ಆಯ್ಕೆಗಳು, ಒಂದರಲ್ಲಿ ಸೆಟ್ಟಿಂಗ್ಸ್. ನೋಡೋಕೆ ಭಯ ಆಗುತ್ತೆ ಆದ್ರೆ ಇದನ್ನೇ ಕಲೀರಿ ಅಂತ ನಾನು ಖಂಡಿತ ಹೇಳ್ತೀನಿ, ಯಾಕಂದ್ರೆ ಪ್ರಶ್ನಾವಳಿ ಟೆಸ್ಟ್ ಮಾಡೋದು ಅಂದ್ರೆ ಪ್ರಶ್ನೆ ಕಿತ್ತಾಕೋದು, ಒಡೆಯೋದು, ಮೇಲೆ ಕೆಳಗೆ ಮಾಡೋದು, ಅದೆಲ್ಲ ಎಕ್ಸೆಲಲ್ಲಿ ಕಟ್ ಪೇಸ್ಟ್, ಬಿಲ್ಡರಲ್ಲಿ ಒಂದೊಂದೇ ಎಳೀತಾ ಕೂತ್ರೆ ರಾತ್ರಿ ಆಗುತ್ತೆ. ಜೊತೆಗೆ ಹಳೇ ವರ್ಷನ್ ಎಲ್ಲ ಫೈಲ್ ಆಗಿ ನಿಮ್ಮತ್ರಾನೇ ಇರುತ್ತೆ, ಮೊದಲ ರೌಂಡಲ್ಲಿ ಇದನ್ನ ಹೆಂಗೆ ಕೇಳಿದ್ವಿ ಅಂತ ಆಮೇಲೆ ಯಾರಾದ್ರೂ ಕೇಳಿದ್ರೆ ತೋರಿಸ್ಬಹುದು.

ಕನ್ನಡದ ವಿಷಯ. ಯೂನಿಕೋಡಲ್ಲಿ ಇದ್ರೆ ಯಾವ ತೊಂದ್ರೇನೂ ಇಲ್ಲ, ಒತ್ತಕ್ಷರ ಎಲ್ಲ ಸರಿಯಾಗಿ ಬರುತ್ತೆ. ನಾವು ಒಂದ್ಸಲ ಅನುವಾದ ಹೊರಗಡೆ ಕೊಟ್ಟಿದ್ವಿ, ಅವರು ಹಳೇ ನುಡಿ ಫಾಂಟಲ್ಲಿ ಟೈಪ್ ಮಾಡಿ ಕಳ್ಸಿದ್ರು, ವರ್ಡಲ್ಲಿ ಚೆನ್ನಾಗೇ ಕಾಣ್ತಿತ್ತು, ಎಕ್ಸೆಲಿಗೆ ಪೇಸ್ಟ್ ಮಾಡಿ ಫೋನಲ್ಲಿ ತೆಗೆದ್ರೆ ಪ್ರಶ್ನೆ ಜಾಗದಲ್ಲಿ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಕನ್ವರ್ಟರ್ ಹಾಕಿ ಸರಿ ಮಾಡ್ಬಹುದು ಆದ್ರೂ ಅಲ್ಲಲ್ಲಿ ಅರ್ಕಾವತ್ತು, ದೀರ್ಘ ಕೈ ಕೊಡುತ್ತೆ, ಒಂದೊಂದೇ ಸಾಲು ಓದಿ ನೋಡ್ಬೇಕು. ಅನುವಾದ ಕೊಡೋವಾಗ್ಲೇ ಯೂನಿಕೋಡ್ ಅಂತ ಬರೆದು ಕೊಡಿ. ಅಷ್ಟಕ್ಕೂ ಆ ಅನುವಾದ ಯೂನಿಕೋಡಲ್ಲಿ ಬಂದಿದ್ರೂ ಪ್ರಯೋಜನ ಇರ್ಲಿಲ್ಲ ಬಿಡಿ, "ತಾವು ಪ್ರಸ್ತುತ ಯಾವ ಜೀವನೋಪಾಯದಲ್ಲಿ ನಿರತರಾಗಿದ್ದೀರಿ" ಅಂತ ಯಲಬುರ್ಗಾದ ಅಜ್ಜಿ ಹತ್ರ ಕೇಳಿದ್ರೆ ಅವರು ಎನ್ಯುಮರೇಟರ್ ಮುಖ ನೋಡ್ತಾರೆ, ಎನ್ಯುಮರೇಟರ್ ತನಗೆ ತೋಚಿದ ಕನ್ನಡದಲ್ಲಿ ತಿರುಗಿಸಿ ಕೇಳ್ತಾನೆ. ಹತ್ತು ಜನ ಎನ್ಯುಮರೇಟರ್ ಇದ್ರೆ ಹತ್ತು ಪ್ರಶ್ನೆ ಆಯ್ತು ಅಲ್ಲಿಗೆ.

ಇಲ್ಲಿ ಕೋಬೋದಲ್ಲಿ ಒಂದು ಸೌಲಭ್ಯ ಇದೆ, ಜಾಸ್ತಿ ಜನ ಬಳಸಲ್ಲ. ಒಂದೇ ಫಾರ್ಮಿಗೆ ಎಷ್ಟು ಭಾಷೆ ಬೇಕಾದ್ರೂ ಸೇರಿಸ್ಬಹುದು, ಭಾಷೆಗೆ ಹೆಸ್ರು ನೀವಿಟ್ಟಿದ್ದೇ ಹೆಸ್ರು. ಹಾಗಾಗಿ ನಾವು ಇಂಗ್ಲಿಷ್ ಒಂದು ಕಾಲಂ, "ಕನ್ನಡ" ಒಂದು ಕಾಲಂ, "ಕನ್ನಡ ಕೊಪ್ಪಳ" ಅಂತ ಇನ್ನೊಂದು ಕಾಲಂ ಇಡ್ತೀವಿ. ಎರಡನೇದು ಫಂಡ್ ಕೊಡೋರಿಗೆ ತೋರಿಸೋಕೆ, ಮೂರನೇದು ಮನೆ ಮುಂದೆ ನಿಂತು ಓದೋಕೆ: "ಹೊಟ್ಟಿಪಾಡಿಗೆ ಏನ್ ಕೆಲಸ ಮಾಡ್ತೀರಿ?" ಬರೆದಿದ್ದನ್ನ ಇದ್ದಂಗೇ ಓದ್ಬೇಕು ಅಂತ ಎನ್ಯುಮರೇಟರ್‌ಗೆ ರೂಲ್ ಹಾಕೋ ಮೊದ್ಲು, ಬಾಯಿಗೆ ಬರೋ ಥರ ಬರೆದು ಕೊಡೋ ಜವಾಬ್ದಾರಿ ನಮ್ಮದು ಅಲ್ವಾ. ಪ್ರಶ್ನೆಗೆ ಆಡಿಯೋ ಕೂಡ ಅಂಟಿಸ್ಬಹುದು, ಎನ್ಯುಮರೇಟರ್ ಗಂಡಸಾಗಿದ್ದು ಹೆಂಗಸರ ಆರೋಗ್ಯದ ಪ್ರಶ್ನೆ ಬಂದಾಗ ಆ ಊರಿನ ಅಕ್ಕನ ದನಿಯಲ್ಲಿ ರೆಕಾರ್ಡ್ ಮಾಡಿದ್ದು ಕೇಳಿಸಿದ್ರೆ ಎಷ್ಟೋ ವಾಸಿ.

ಈಗ ಮುಖ್ಯ ಮಾತು. ಕೋಬೋ ಹೊಗಳೋರೆಲ್ಲ ಹೊಗಳೋದು ಅದರ ಕಟ್ಟುನಿಟ್ಟನ್ನ. ಹಾಗೆ ಸೆಟ್ ಮಾಡಿಟ್ರೆ ಪ್ರಶ್ನೆ ಬಿಟ್ಟು ಮುಂದೆ ಹೋಗೋಕೆ ಬಿಡಲ್ಲ, ವಯಸ್ಸು 120 ಅಂತ ಹಾಕಿದ್ರೆ ತಗೊಳಲ್ಲ, ಹೆರಿಗೆ ಪ್ರಶ್ನೆ ಗಂಡಸರಿಗೆ ತೋರಿಸಲ್ಲ. ಕೊನೆ ಹಂತದ ಸರ್ವೆಗೆ ಇದು ಬೇಕೇ ಬೇಕು. ಪೈಲಟ್ ಹಂತದಲ್ಲಿ ಮಾತ್ರ ಇದೇ ಕಟ್ಟುನಿಟ್ಟು ಕೆಟ್ಟ ಪ್ರಶ್ನೆಯನ್ನ ಮುಚ್ಚಿಹಾಕುತ್ತೆ. ಫಾರ್ಮ್ ಮುಂದೆ ಹೋಗ್ಬೇಕು ಅಂತ ಎನ್ಯುಮರೇಟರ್ ಫಾರ್ಮ್ ಒಪ್ಪೋ ಯಾವುದೋ ಒಂದು ನಂಬರ್ ಹಾಕ್ತಾನೆ, ಡೇಟಾ ಶೀಟಲ್ಲಿ ಎಲ್ಲ ಸೆಲ್ಲೂ ತುಂಬಿ ಚೆಂದ ಕಾಣುತ್ತೆ, ಪ್ರಶ್ನೆ ಸರಿ ಇದೆ ಅಂತ ಆಫೀಸಲ್ಲಿ ಕೂತೋರು ಅಂದ್ಕೋತಾರೆ. ಪೈಲಟ್ ಫಾರ್ಮನ್ನ ಸಡಿಲ ಬಿಡ್ಬೇಕು. ಕಡ್ಡಾಯ ಅನ್ನೋ ಟಿಕ್ ಎಲ್ಲ ತೆಗೀರಿ, ಮಿತಿಗಳನ್ನ ತೆಗೀರಿ, ನಂಬರ್ ಕೇಳೋ ಕಡೆ ಪಠ್ಯದ ಬಾಕ್ಸ್ ಇಡಿ, ಪ್ರತಿ ಮುಖ್ಯ ಪ್ರಶ್ನೆ ಕೆಳಗೆ "ಅವರು ಅಂದಿದ್ದು ಇದ್ದಂಗೆ ಬರಿ" ಅಂತ ಒಂದು ಖಾಲಿ ಜಾಗ ಬಿಡಿ. ಉತ್ತರ ಬರ್ದೇ ಹೋದ ಜಾಗಗಳೇ ಆ ಹಂತದಲ್ಲಿ ನಿಮ್ಮ ಡೇಟಾ.

ಒಂದು ಉದಾಹರಣೆ ಬಿಡಿಸಿ ಹೇಳ್ತೀನಿ. ಜಮೀನು ಎಷ್ಟಿದೆ ಅನ್ನೋ ಪ್ರಶ್ನೆ, ಯಾವ ಗ್ರಾಮೀಣ ಸರ್ವೆ ತಗೊಂಡ್ರೂ ಇರುತ್ತೆ. ಫಾರ್ಮಲ್ಲಿ "ಎಕರೆ" ಅಂತ ಹಾಕಿ 0ರಿಂದ 100 ಅಂತ ಮಿತಿ ಹಾಕಿದ್ರೆ ನಂಬರ್ ಬರುತ್ತೆ, ಎಲ್ಲಾ ಕಡೆ ಬರುತ್ತೆ. ಪಠ್ಯದ ಬಾಕ್ಸ್ ಇಟ್ಟಾಗ ಬಂದಿದ್ದು ಬೇರೇನೇ. ಕೊಪ್ಪಳ ಕಡೆ "ಎರಡು ಕೂರಿಗಿ" ಅಂತಾರೆ, ಒಂದು ಕೂರಿಗೆ ಅಂದ್ರೆ ನಾಲ್ಕು ಎಕರೆ ಲೆಕ್ಕ. ಹಳೇ ಮೈಸೂರು ಕಡೆ ಆದ್ರೆ ಗುಂಟೆ, ನಲವತ್ತು ಗುಂಟೆಗೆ ಒಂದು ಎಕರೆ. ಉಡುಪಿ ಕಡೆ ಹೋದ್ರೆ ಸೆಂಟ್ಸ್, ನೂರು ಸೆಂಟ್ಸಿಗೆ ಎಕರೆ. ಇದು ಸುಲಭ, ಅಳತೆಗೆ ಒಂದು ಆಯ್ಕೆ ಕೊಟ್ಟು ಹಿಂದೆ ಲೆಕ್ಕ ಹಾಕೋ ಫಾರ್ಮುಲಾ ಇಟ್ರೆ ಆಯ್ತು, ಕೋಬೋದಲ್ಲಿ ಆರಾಮಾಗಿ ಆಗುತ್ತೆ. ಕಷ್ಟ ಇದ್ದಿದ್ದು ಇನ್ನೊಂದು ಥರದ ಉತ್ತರದಲ್ಲಿ: "ಹೊಲ ಎಂಟೆಕ್ರಿ ಐತ್ರಿ ಸರ, ಆದ್ರ ಅಣ್ಣತಮ್ಮಂದ್ರ ಪಾಲು ಇನ್ನಾ ಆಗಿಲ್ರಿ." ಪಹಣಿ ನೋಡಿದ್ರೆ ತೀರ್ಕೊಂಡ ಅಜ್ಜನ ಹೆಸರಲ್ಲಿದೆ, ಉಳ್ತಿರೋದು ನಡುವಿನ ತಮ್ಮ, ದೊಡ್ಡವರು ಗಂಗಾವತಿಯಲ್ಲಿ ಇದಾರೆ, ಉತ್ಪನ್ನದಲ್ಲಿ ಎಲ್ಲರಿಗೂ ಪಾಲಿದೆ. ಇವರ ಜಮೀನು ಎಷ್ಟು ಅಂತ ಬರೀಬೇಕು? ಎಂಟು ಅಂತ ಬರೆದ್ರೂ ಫಾರ್ಮ್ ತಗೊಳುತ್ತೆ, ಎರಡೂವರೆ ಅಂದ್ರೂ ತಗೊಳುತ್ತೆ, ಸೊನ್ನೆ ಅಂದ್ರೂ ತಗೊಳುತ್ತೆ. ಕೊನೆಗೆ ಆ ಒಂದು ಪ್ರಶ್ನೆ ಮೂರಾಯ್ತು: ಪಹಣಿ ಯಾರ ಹೆಸರಲ್ಲಿದೆ, ಈ ವರ್ಷ ನಿಮ್ಮ ಮನೆಯವರು ಉಳುಮೆ ಮಾಡಿದ್ದು ಎಷ್ಟು, ಬೆಳೆ ಬಂದಾಗ ಯಾರ್ಯಾರಿಗೆ ಪಾಲು ಹೋಗುತ್ತೆ.

ಮನೆಯಲ್ಲಿ ಎಷ್ಟು ಜನ ಇದೀರಿ ಅನ್ನೋದೂ ಇಂಥದ್ದೇ, ಕೇಳೋಕೆ ಎಷ್ಟು ಸಾದಾ ಪ್ರಶ್ನೆ. ಜನಗಣತಿಯವರು ಒಂದೇ ಅಡುಗೆಮನೆಯಲ್ಲಿ ಉಣ್ಣೋರು ಒಂದು ಕುಟುಂಬ ಅಂತ ಲೆಕ್ಕ ಹಾಕ್ತಾರೆ. ಸರಿ, ಗುಳೆ ಹೋದೋರು? ಬೆಂಗಳೂರಲ್ಲೋ ಗೋವಾದಲ್ಲೋ ಕಟ್ಟಡ ಕೆಲಸಕ್ಕೆ ಹೋದ ಮಗ ಸೊಸೆ ವರ್ಷದಲ್ಲಿ ಮೂರ್ನಾಲ್ಕು ತಿಂಗಳು ಬಂದು ಹೋಗ್ತಾರೆ, ಅವರ ಮಗು ಇಲ್ಲೇ ಅಜ್ಜಿ ಹತ್ರ ಇದೆ, ರೇಷನ್ ಕಾರ್ಡಲ್ಲಿ ಎಲ್ಲರ ಹೆಸರೂ ಇದೆ. ಬೇಸಿಗೆಯಲ್ಲಿ ಕೇಳಿದ್ರೆ ಒಂದು ಉತ್ತರ, ಮಳೆ ಬಿದ್ದು ಬಿತ್ತನೆಗೆ ಎಲ್ಲರೂ ಊರಿಗೆ ಬಂದಾಗ ಕೇಳಿದ್ರೆ ಇನ್ನೊಂದು. ಕೋಬೋದಲ್ಲಿ ರಿಪೀಟ್ ಗ್ರೂಪ್ ಅಂತ ಇದೆ, ಒಬ್ಬೊಬ್ಬರ ಹೆಸರು ಹಾಕಿ ಅದೇ ಪ್ರಶ್ನೆಗಳನ್ನ ಮತ್ತೆ ಮತ್ತೆ ಕೇಳಬಹುದು, ನಾವು ಅದರಲ್ಲಿ "ಹೋದ 12 ತಿಂಗಳಲ್ಲಿ ಎಷ್ಟು ತಿಂಗಳು ಇದೇ ಮನೆಯಲ್ಲಿ ಉಂಡಿದಾರೆ" ಅಂತ ಸೇರಿಸಿದ್ವಿ. ಯಾರನ್ನ ಲೆಕ್ಕಕ್ಕೆ ತಗೋಬೇಕು ಅನ್ನೋದನ್ನ ಮನೆ ಮುಂದೆ ನಿಂತಿರೋ ಹುಡುಗ ತೀರ್ಮಾನ ಮಾಡೋ ಬದ್ಲು ಆಮೇಲೆ ನಾವು ಮಾಡ್ಬಹುದು.

ಮನೆ ಮುಖ್ಯಸ್ಥರು ಯಾರು ಅನ್ನೋದು ಈಗಂತೂ ಮಜವಾಗಿದೆ. 2023ರಲ್ಲಿ ಗೃಹಲಕ್ಷ್ಮಿ ಬಂದ್ಮೇಲೆ ತಿಂಗಳಿಗೆ 2000 ರೂಪಾಯಿ ಬರೋದು ಮನೆ ಯಜಮಾನಿ ಹೆಸರಿಗೆ, ಹಾಗಾಗಿ ಟ್ಯಾಬ್ ಹಿಡ್ಕೊಂಡು ಬಂದ ಅಪರಿಚಿತ ಮುಖ್ಯಸ್ಥರು ಯಾರು ಅಂದ ತಕ್ಷಣ ಗಂಡ ಪಕ್ಕದಲ್ಲೇ ಕೂತಿದ್ರೂ "ಈಕೀನ ರೀ" ಅಂತ ಹೆಂಡತಿ ಕಡೆ ಕೈ ತೋರಿಸ್ತಾನೆ. ಆಮೇಲೆ ಎತ್ತು ಮಾರೋದು, ಸಾಲ ಮಾಡೋದು, ಮಗಳನ್ನ ಕಾಲೇಜಿಗೆ ಕಳಿಸೋದು ಯಾರು ತೀರ್ಮಾನ ಮಾಡ್ತಾರೆ ಅಂದ್ರೆ ಆಕೆ ಹೆಸರೇ ಬರಲ್ಲ. ಉತ್ತರ ಸುಳ್ಳಲ್ಲ, ಅವರು ರೇಷನ್ ಕಾರ್ಡಲ್ಲಿ ಯಾರು ಯಜಮಾನಿ ಅನ್ನೋ ಪ್ರಶ್ನೆಗೆ ಉತ್ತರ ಕೊಟ್ರು, ನೀವು ಕೇಳಬೇಕು ಅಂದ್ಕೊಂಡಿದ್ದು ಬೇರೆ. ಇದು ಯಾವ ಸಾಫ್ಟ್‌ವೇರಲ್ಲೂ ಎರರ್ ಆಗಿ ಕೆಂಪಗೆ ಕಾಣಲ್ಲ. ಉತ್ತರ ಕೊಟ್ಟ ಮೇಲೆ "ನಾನು ಏನು ಕೇಳ್ದೆ ಅಂತ ನಿಮಗನ್ಸಿತು, ನಿಮ್ಮ ಮಾತಲ್ಲಿ ಹೇಳ್ರಿ" ಅಂತ ಕೇಳಿದ್ರೆ ಮಾತ್ರ ಗೊತ್ತಾಗೋದು. ಇದಕ್ಕೆ ಕಾಗ್ನಿಟಿವ್ ಇಂಟರ್ವ್ಯೂ ಅಂತಾರೆ, 1980ರ ದಶಕದಲ್ಲಿ ಅಮೆರಿಕದಲ್ಲಿ ಸರ್ವೆಯವರೂ ಮನಶ್ಶಾಸ್ತ್ರದವರೂ ಒಟ್ಟಿಗೆ ಕೂತು ಬೆಳೆಸಿದ ವಿಧಾನ. ಅದರ ಹಿಂದಿನ ಯೋಚನೆ ಸರಳ, ಉತ್ತರ ಕೊಡೋನು ನಾಲ್ಕು ಕೆಲಸ ಮಾಡ್ಬೇಕು: ಪ್ರಶ್ನೆ ಅರ್ಥ ಮಾಡ್ಕೋಬೇಕು, ನೆನಪು ಮಾಡ್ಕೋಬೇಕು, ಅಂದಾಜು ಕಟ್ಟಬೇಕು, ಆಮೇಲೆ ನೀವು ಕೊಟ್ಟ ಆಯ್ಕೆಗಳಲ್ಲಿ ಅದನ್ನ ಕೂರಿಸ್ಬೇಕು. ಎಲ್ಲಿ ಬೇಕಾದ್ರೂ ಜಾರಬಹುದು. ಇದನ್ನ ಮಾಡೋವಾಗ ಕೋಬೋದಲ್ಲಿ ಆಡಿಯೋ ರೆಕಾರ್ಡ್ ಮಾಡೋ ಪ್ರಶ್ನೆ ಹಾಕ್ಬಹುದು, ಇಡೀ ಸಂದರ್ಶನ ಹಿನ್ನೆಲೆಯಲ್ಲಿ ರೆಕಾರ್ಡ್ ಆಗೋ ಸೆಟ್ಟಿಂಗೂ ಇದೆ. ಎದುರಿಗಿರೋರನ್ನ ಕೇಳಿ ಒಪ್ಪಿಗೆ ತಗೊಂಡೇ ಆನ್ ಮಾಡಿ, ಕದ್ದು ಬೇಡ. ಬರೆದಿದ್ದಕ್ಕಿಂತ ಕೇಳಿಸ್ಕೊಂಡಿದ್ದರಲ್ಲಿ ಜಾಸ್ತಿ ಸಿಗುತ್ತೆ, ಉತ್ತರಕ್ಕೆ ಮುಂಚೆ ಅವರು ಎಳೆಯೋ "ಅದೂ..." ಅನ್ನೋ ಒಂದು ಎಳೆತ ಇದ್ಯಲ್ಲ ಅದು ಎಕ್ಸೆಲಲ್ಲಿ ಬರಲ್ಲ.

ಅಂಗವೈಕಲ್ಯದ ಪ್ರಶ್ನೆ ಇದ್ರೆ ನೀವೇ ಹೊಸದಾಗಿ ಬರೆಯೋಕೆ ಹೋಗ್ಬೇಡಿ. ಮನೆಯಲ್ಲಿ ಅಂಗವಿಕಲರು ಇದಾರಾ ಅಂದ್ರೆ "ಅಯ್ಯ ಇಲ್ರಿ" ಅಂತಾರೆ, ಒಳಗೆ ಕಣ್ಣು ಮಂಜಾದ ಅಜ್ಜ ಗೋಡೆ ಹಿಡ್ಕೊಂಡು ಬರ್ತಿರ್ತಾನೆ. ವಾಷಿಂಗ್ಟನ್ ಗ್ರೂಪ್ (ಅಂಗವೈಕಲ್ಯದ ಅಂಕಿಅಂಶಕ್ಕೆ ಅಂತ ವಿಶ್ವಸಂಸ್ಥೆ ಕಡೆಯಿಂದ ಆದ ಗುಂಪು) ಮಾಡಿದ ಆರು ಪ್ರಶ್ನೆ ಇದೆ, ನೋಡೋದು, ಕೇಳೋದು, ನಡೆಯೋದು, ನೆನಪಿಟ್ಕೊಳ್ಳೋದು, ತನ್ನ ಕೆಲಸ ತಾನು ಮಾಡ್ಕೊಳ್ಳೋದು, ಮಾತಾಡಿ ತಿಳಿಸೋದು, ಪ್ರತಿಯೊಂದಕ್ಕೂ ಕಷ್ಟ ಇಲ್ಲ, ಸ್ವಲ್ಪ ಕಷ್ಟ, ತುಂಬಾ ಕಷ್ಟ, ಆಗೋದೇ ಇಲ್ಲ ಅಂತ ನಾಲ್ಕು ಉತ್ತರ. ಎಷ್ಟೋ ದೇಶಗಳಲ್ಲಿ ಟೆಸ್ಟ್ ಆಗಿದೆ, ಅಂಗವೈಕಲ್ಯ ಅನ್ನೋ ಮಾತೇ ಅದರಲ್ಲಿ ಬರಲ್ಲ, ಹಂಗಾಗೇ ಕೆಲಸ ಮಾಡುತ್ತೆ. ಆದ್ರೂ ಕನ್ನಡಕ್ಕೆ ತಂದ ಮೇಲೆ ನಿಮ್ಮ ಊರಲ್ಲಿ ಮತ್ತೆ ಟೆಸ್ಟ್ ಮಾಡಿ.

ಈಗ ಎರಡು ಥರ ಪ್ರಶ್ನೆ ಬರೆದಿದೀರ, ಯಾವುದು ವಾಸಿ ಅಂತ ಆಫೀಸಲ್ಲಿ ಜಗಳ ಆಗ್ತಿದೆ ಅಂದ್ಕೊಳ್ಳಿ. ಇದಕ್ಕೆ ಕೋಬೋದಷ್ಟು ಚೆನ್ನಾಗಿರೋದು ಉಚಿತದಲ್ಲಿ ನಾನು ನೋಡಿಲ್ಲ. ಎಕ್ಸ್‌ಎಲ್‌ಎಸ್‌ಫಾರ್ಮಲ್ಲಿ ಒಂದು ಲೆಕ್ಕದ ಸಾಲು ಹಾಕಿ, ಒನ್ಸ್ ರ‍್ಯಾಂಡಮ್ ಅನ್ನೋ ಫಂಕ್ಷನ್ ಕೊಟ್ರೆ ಪ್ರತಿ ಫಾರ್ಮಿಗೂ ಒಂದು ಚೀಟಿ ಎತ್ತಿದ ಹಂಗೆ ಸೊನ್ನೆಗೂ ಒಂದಕ್ಕೂ ಮಧ್ಯದ ಸಂಖ್ಯೆ ಬೀಳುತ್ತೆ, ಅರ್ಧಕ್ಕಿಂತ ಕಡಿಮೆ ಬಂದ್ರೆ ಒಂದು ಪ್ರಶ್ನೆ, ಜಾಸ್ತಿ ಬಂದ್ರೆ ಇನ್ನೊಂದು. ಎನ್ಯುಮರೇಟರ್‌ಗೆ ಆಯ್ಕೆ ಮಾಡೋ ಅವಕಾಶಾನೇ ಇಲ್ಲ. ಇದು ಹಳೇ ವಿದ್ಯೆ, 1941ರಲ್ಲೇ ಡೊನಾಲ್ಡ್ ರಗ್ ಅನ್ನೋರು ಅಮೆರಿಕದಲ್ಲಿ ಪ್ರಜಾಪ್ರಭುತ್ವದ ವಿರುದ್ಧ ಬಹಿರಂಗ ಭಾಷಣಕ್ಕೆ "ಅವಕಾಶ ಕೊಡಬೇಕಾ" ಅಂತ ಒಂದು ಗುಂಪಿಗೆ, "ನಿಷೇಧ ಮಾಡಬೇಕಾ" ಅಂತ ಇನ್ನೊಂದು ಗುಂಪಿಗೆ ಕೇಳಿದ್ರು. ಅವಕಾಶ ಕೊಡಬಾರದು ಅಂದೋರು ಶೇ. 62, ನಿಷೇಧ ಮಾಡಿ ಅಂದೋರು ಶೇ. 46 ಮಾತ್ರ. ಎರಡರ ಅರ್ಥ ಒಂದೇ, ಫಲಿತಾಂಶ ನೋಡಿ.

ನಮ್ಮ ದೇಶದಲ್ಲೇ ಇದಕ್ಕಿಂತ ದೊಡ್ಡ ಕಥೆ ನಡೆದಿದೆ. ಮನೆ ಖರ್ಚು ಕೇಳೋ ಕೇಂದ್ರ ಸರ್ಕಾರದ ಎನ್‌ಎಸ್‌ಎಸ್ (ರಾಷ್ಟ್ರೀಯ ಮಾದರಿ ಸಮೀಕ್ಷೆ) ಸರ್ವೆಯಲ್ಲಿ ಆಹಾರದ ಖರ್ಚನ್ನ ಹೋದ 30 ದಿನದ್ದು ಅಂತ ಕೇಳೋ ಪದ್ಧತಿ ಇತ್ತು. 90ರ ದಶಕದಲ್ಲಿ ಕೆಲವು ಮನೆಗಳಿಗೆ ಹಳೇ ಥರ, ಕೆಲವು ಮನೆಗಳಿಗೆ 7 ದಿನದ್ದು ಅಂತ ಬೇರೆ ಬೇರೆಯಾಗಿ ಕೇಳಿ ನೋಡಿದ್ರು, 7 ದಿನದ ಲೆಕ್ಕದಲ್ಲಿ ಖರ್ಚು ಜಾಸ್ತಿ ಬರ್ತಿತ್ತು, ಜನ ಒಂದು ತಿಂಗಳ ಹಿಂದಿಂದು ಮರೀತಾರಲ್ಲ. ಅಲ್ಲೀವರೆಗೂ ಸರಿ. 1999-2000ರ 55ನೇ ಸುತ್ತಿನಲ್ಲಿ ಎರಡನ್ನೂ ಒಂದೇ ಮನೆಯಲ್ಲಿ ಪಕ್ಕಪಕ್ಕದ ಕಾಲಂನಲ್ಲಿ ಕೇಳಿಬಿಟ್ರು. ಒಂದಕ್ಕೆ ಕೊಟ್ಟ ಉತ್ತರ ನೋಡ್ಕೊಂಡು ಇನ್ನೊಂದು ಹೊಂದಿಸೋದು ಸಹಜ ತಾನೇ, ಎರಡೂ ಹತ್ತಿರ ಹತ್ತಿರ ಬಂತು, ಖರ್ಚು ಜಾಸ್ತಿ ಕಂಡ್ರೆ ಬಡತನ ಕಡಿಮೆ ಕಾಣುತ್ತೆ, ಹಂಗಾಗಿ ದೇಶದಲ್ಲಿ ಬಡತನ ನಿಜವಾಗ್ಲೂ ಅಷ್ಟು ಇಳೀತಾ, ಇಲ್ಲಾಂದ್ರೆ ಪ್ರಶ್ನೆ ಬದಲಾಗಿದ್ದಕ್ಕೆ ಇಳಿದ ಹಂಗೆ ಕಾಣ್ತಾ ಅಂತ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ಕಿತ್ತಾಡಿದ್ರು, ಆಮೇಲೆ ನೊಬೆಲ್ ತಗೊಂಡ ಆಂಗಸ್ ಡೀಟನ್ ಕೂಡ ಅದರಲ್ಲಿದ್ರು. ಎರಡು ಕಾಲಂ ಪಕ್ಕಪಕ್ಕ ಇಟ್ಟಿದ್ದಕ್ಕೆ ಇಷ್ಟೆಲ್ಲ. 2022-23ರ ಸರ್ವೆಯಲ್ಲಿ ಪ್ರಶ್ನಾವಳಿಯನ್ನೇ ಮೂರು ಭಾಗ ಮಾಡಿ ಮೂರು ಬೇರೆ ಭೇಟಿಯಲ್ಲಿ ಕೇಳಿದಾರೆ, ಅದಕ್ಕೇ ಹಳೇದರ ಜೊತೆ ನೇರ ಹೋಲಿಸೋದು ಕಷ್ಟ.

ನಿಮ್ಮ ಸಣ್ಣ ಸರ್ವೆಗೂ ಇದು ಅನ್ವಯ ಆಗುತ್ತೆ. ಕೊಪ್ಪಳ ಕಡೆ ತರಕಾರಿ, ಕಾಳು ಖರೀದಿ ಎಲ್ಲ ವಾರದ ಸಂತೆ ಮೇಲೆ ನಡಿಯುತ್ತೆ, ಹಂಗಾಗಿ "ಹೋದ 7 ದಿನ" ಅನ್ನೋದರ ಬದ್ಲು "ಹ್ವಾದ ಸಂತಿಯಿಂದ ಈಚಿಗೆ" ಅಂತ ಶುರು ಮಾಡಿದ್ರೆ ಅವರಿಗೆ ಚೀಲದಲ್ಲಿ ಏನೇನು ತಂದ್ರು ಅಂತ ನೆನಪಾಗುತ್ತೆ. ಗೊಬ್ಬರ, ಬೀಜ, ಮದುವೆ ಖರ್ಚನ್ನ ಸಂತೆ ಲೆಕ್ಕದಲ್ಲಿ ಕೇಳೋಕಾಗಲ್ಲ, ಅದಕ್ಕೆ ಯುಗಾದಿಯಿಂದ ಯುಗಾದಿಗೆ.

ವಯಸ್ಸಿಂದು ಹೇಳ್ಲೇಬೇಕು. ಹುಟ್ಟಿದ ತಾರೀಖು ಅಂತ ಕ್ಯಾಲೆಂಡರ್ ಇಟ್ರೆ ಎನ್ಯುಮರೇಟರ್‌ಗಳು ಎಲ್ಲರಿಗೂ ಜನವರಿ ಒಂದು ಒತ್ತಿ ಕೂರ್ತಾರೆ, ವಯಸ್ಸು ಎಷ್ಟು ಅಂದ್ರೆ ನಲವತ್ತು, ನಲವತ್ತೈದು, ಐವತ್ತು, ಊರಲ್ಲಿ ಯಾರಿಗೂ ನಲವತ್ಮೂರು ಆಗಿರೋದೇ ಇಲ್ಲ. ಕೋಬೋದಲ್ಲಿ ವರ್ಷ ಮಾತ್ರ ಕೇಳೋ ಹಾಗೆ ಸೆಟ್ ಮಾಡ್ಬಹುದು, ಜೊತೆಗೆ ಪ್ರಶ್ನೆ ಕೆಳಗೆ ಹಿಂಟ್ ಜಾಗ ಇದೆ. ಅಲ್ಲಿ ಊರವರಿಗೆ ನೆನಪಿರೋ ಘಟನೆ ಬರೀರಿ: ಇಂದಿರಾಗಾಂಧಿ ತೀರ್ಕೊಂಡಿದ್ದು 1984, ರಾಜ್‌ಕುಮಾರ್‌ನ ವೀರಪ್ಪನ್ ಎತ್ಕೊಂಡು ಹೋಗಿದ್ದು 2000, ಉತ್ತರ ಕರ್ನಾಟಕದ ದೊಡ್ಡ ನೆರೆ 2009. "ಅಣ್ಣಾವ್ರನ್ನ ಹೊತ್ತೊಯ್ದಾಗ ನಿಮ್ಮ ದೊಡ್ಡ ಮಗ ಸಾಲಿಗೆ ಹೊಂಟಿದ್ನಾ?" ಅಂದ್ರೆ ಸರಿಯಾಗಿ ಹೇಳ್ತಾರೆ.

ಅಭಿಪ್ರಾಯದ ಸ್ಕೇಲ್‌ಗಳು, ಅದೇ ಸಂಪೂರ್ಣ ಒಪ್ತೀನಿ, ಒಪ್ತೀನಿ, ತಟಸ್ಥ, ಅಂತೆಲ್ಲ ಐದು ಮೆಟ್ಟಿಲು. ಕೋಬೋದಲ್ಲಿ ಇದನ್ನ ಟೇಬಲ್ ಥರ ಹಾಕೋ ಸೌಲಭ್ಯ ಇದೆ, ಸಣ್ಣ ಫೋನಲ್ಲಿ ಕನ್ನಡ ಅಕ್ಷರ ಇಕ್ಕಟ್ಟಾಗಿ ಓದೋಕಾಗಲ್ಲ, ಬಳಸ್ಬೇಡಿ. ಅದಕ್ಕಿಂತ ಹೆಚ್ಚಾಗಿ, ಮನೆಗೆ ಬಂದೋರಿಗೆ ಇಲ್ಲ ಅನ್ಬಾರ್ದು ಅಂತ ಎಲ್ಲದಕ್ಕೂ "ಹ್ಞೂಂ ರೀ, ಚಲೋ ಐತ್ರಿ" ಬರುತ್ತೆ. ಪ್ರಶ್ನೆಗಳಲ್ಲಿ ಒಂದೆರಡನ್ನ ತಿರುಗಿಸಿ ಇಟ್ಟು ನೋಡಿ, ಅಂಗನವಾಡಿ ಊಟ ಚೆನ್ನಾಗಿದೆ ಅನ್ನೋದಕ್ಕೂ ಹ್ಞೂಂ, ಅಂಗನವಾಡಿ ಊಟ ಸುಧಾರಿಸಬೇಕು ಅನ್ನೋದಕ್ಕೂ ಹ್ಞೂಂ. ಹತ್ತು ಹುಣಸೆ ಬೀಜ ಕೈಗೆ ಕೊಟ್ಟು ಎಷ್ಟು ಈ ಕಡೆ ಎಷ್ಟು ಆ ಕಡೆ ಇಡ್ತೀರಿ ಅಂತ ಕೇಳಿದ್ರೆ ಜನ ಯೋಚನೆ ಮಾಡಿ ಇಡ್ತಾರೆ, ಫಾರ್ಮಲ್ಲಿ ಒಂದು ನಂಬರ್ ಬಾಕ್ಸ್ ಸಾಕು. ಬೀಜದ ಫೋಟೋ ಪ್ರಶ್ನೆಗೆ ಅಂಟಿಸಿದ್ರೆ ಎನ್ಯುಮರೇಟರ್‌ಗೂ ಮರೆಯಲ್ಲ.

ಆಡಿಟ್ ಲಾಗ್. ಇದೊಂದಕ್ಕೇ ನಾನು ಅರ್ಧ ಸ್ಟಾರ್ ಜಾಸ್ತಿ ಕೊಟ್ಟಿದ್ದು. ಎಕ್ಸೆಲಲ್ಲಿ ಒಂದೇ ಒಂದು ಸಾಲು ಸೇರಿಸಿದ್ರೆ ಯಾವ ಪ್ರಶ್ನೆ ಮೇಲೆ ಎಷ್ಟು ಹೊತ್ತು ನಿಂತಿದ್ರು, ಹಿಂದೆ ಹೋಗಿ ಬಂದ್ರಾ ಅನ್ನೋದೆಲ್ಲ ಒಂದು ಫೈಲಾಗಿ ಬರುತ್ತೆ. ಬ್ರೌಸರ್ ಫಾರ್ಮಲ್ಲಿ ಬರಲ್ಲ, ಆಪಲ್ಲಿ ಮಾತ್ರ. ಇದನ್ನ ಎನ್ಯುಮರೇಟರ್‌ಗಳ ಮೇಲೆ ಕಣ್ಣಿಡೋಕೆ ಬಳಸೋರೇ ಜಾಸ್ತಿ, ನಾಲ್ಕು ಸಾಲಿನ ಪ್ರಶ್ನೆ ಎರಡು ಸೆಕೆಂಡಲ್ಲಿ ಮುಗಿದಿದ್ರೆ ಓದೇ ಇಲ್ಲ ಅಂತ ಬೈಯೋಕೆ. ನಾನು ಹೇಳೋದು ಅದೇ ಫೈಲನ್ನ ಪ್ರಶ್ನೆ ಮೇಲೆ ಕಣ್ಣಿಡೋಕೆ ಬಳಸಿ. ಯಾವ ಪ್ರಶ್ನೆ ಮೇಲೆ ಎಲ್ಲರೂ ಒದ್ದಾಡಿದಾರೋ ಅದನ್ನ ಒಡೀಬೇಕು, ಯಾವ ಪ್ರಶ್ನೆಯನ್ನ ಎಲ್ಲರೂ ಹಾರಿಸ್ತಿದಾರೋ ಅದು ಒಂದೋ ಅತಿ ಉದ್ದ ಇದೆ, ಇಲ್ಲ ಕೇಳೋಕೆ ಮುಜುಗರ ಇದೆ. ಒಬ್ಬನೇ ಹಾರಿಸಿದ್ರೆ ಅವನ ಹತ್ರ ಮಾತಾಡಿ, ಎಲ್ಲರೂ ಹಾರಿಸಿದ್ರೆ ಪ್ರಶ್ನೆ ಬರೆದೋರ ಹತ್ರ ಮಾತಾಡಿ.

ಉದ್ದದ ವಿಷಯಕ್ಕೆ ಬಂದ್ರೆ, 2025ರಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಯಲ್ಲಿ 60 ಪ್ರಶ್ನೆ ಹಿಡ್ಕೊಂಡು ಮೇಷ್ಟ್ರುಗಳು ಮನೆಮನೆಗೆ ಹೋಗಿದ್ದು ನೆನಪಿರ್ಬೇಕಲ್ಲ. ಸರ್ಕಾರದ್ದು ಅಂದ್ರೆ ಜನ ಕೂತು ಹೇಳ್ತಾರೆ, ನಿಮಗೆ ಅಷ್ಟು ಹೊತ್ತು ಯಾಕೆ ಕೊಡ್ಬೇಕು. ಕೋಬೋದಲ್ಲಿ ಪ್ರಶ್ನೆ ಸೇರಿಸೋಕೆ ದುಡ್ಡು ಕೊಡ್ಬೇಕಿಲ್ಲ, ಪೇಪರ್ ಖರ್ಚೂ ಇಲ್ಲ, ಅದಕ್ಕೇ "ಇದೂ ಒಂದು ಇರ್ಲಿ" ಅಂತ ಪ್ರಶ್ನಾವಳಿ ಉಬ್ಬುತ್ತೆ, ಇದು ಟೂಲ್‌ದೇ ಒಂದು ಅಡ್ಡ ಪರಿಣಾಮ ಅಂತ ನನ್ನ ಅಭಿಪ್ರಾಯ. ಹಂಗಾಗಿ ಮೊದಲ ರೌಂಡ್ ಪೇಪರಲ್ಲೇ ಮಾಡಿ, ಐದಾರು ಜನರ ಹತ್ರ ಕೂತು ಮಾತಾಡಿ, ಪೆನ್ಸಿಲಲ್ಲಿ ಹೊಡೆದು ಹಾಕಿ. ಕೋಬೋ ಎರಡನೇ ರೌಂಡಿಗೆ ತೆಗೀರಿ.

ಕೊರತೆಗಳು ಇವೆ. ಎಕ್ಸೆಲ್ ಫೈಲಲ್ಲಿ ತಪ್ಪಿದ್ರೆ ಬರೋ ಎರರ್ ಮೆಸೇಜ್ ಇಂಗ್ಲಿಷಲ್ಲಿ, ಅದೂ ಪ್ರೋಗ್ರಾಮರ್ ಇಂಗ್ಲಿಷಲ್ಲಿ, ಒಂದು ಬ್ರಾಕೆಟ್ ಬಿಟ್ಟಿದೀರ ಅಂತ ನೇರ ಹೇಳಲ್ಲ. ಪ್ರಶ್ನೆಯ ಒಳ ಹೆಸರನ್ನ (ಎಕ್ಸೆಲಲ್ಲಿ ಪ್ರತಿ ಪ್ರಶ್ನೆಗೆ ಕೊಡೋ ಗುರುತು) ಮಧ್ಯದಲ್ಲಿ ಬದಲಾಯಿಸಿದ್ರೆ ಡೇಟಾ ಶೀಟಲ್ಲಿ ಹೊಸ ಕಾಲಂ ಆಗಿ ಹಳೇದು ಬೇರೆ ಹೊಸದು ಬೇರೆ ಬರುತ್ತೆ, ಪ್ರಶ್ನೆಯ ಮಾತು ಮಾತ್ರ ಬದಲಾಯಿಸಿ, ಅರ್ಥಾನೇ ಬದಲಾದ್ರೆ ಆಗ ಹೆಸರೂ ಬದಲಾಯಿಸಿ. ಹೊಸ ವರ್ಷನ್ ಹಾಕಿದ್ಮೇಲೆ ಎಲ್ಲರ ಫೋನಲ್ಲೂ ಇಳಿಸ್ಕೊಂಡಿದಾರಾ ಅಂತ ನೋಡ್ಬೇಕು, ಆಪಲ್ಲಿ ತಾನೇ ಅಪ್‌ಡೇಟ್ ಆಗೋ ಸೆಟ್ಟಿಂಗ್ ಇದೆ, ನೆಟ್ ಇಲ್ದೆ ಅದೂ ಏನ್ ಮಾಡುತ್ತೆ. ರಿಪೋರ್ಟ್ ಗ್ರಾಫ್ ಎಲ್ಲ ಸಾದಾರಣ, ಎಕ್ಸೆಲಿಗೆ ಇಳಿಸ್ಕೊಂಡೇ ಕೆಲಸ ಮಾಡ್ಬೇಕು. ಡೇಟಾ ಕೂರೋದು ಹೊರದೇಶದ ಸರ್ವರಲ್ಲಿ, ಅಕೌಂಟ್ ಮಾಡೋವಾಗ ಗ್ಲೋಬಲ್ ಅಥವಾ ಯುರೋಪ್ ಅಂತ ಆರಿಸ್ಕೋಬಹುದು ಅಷ್ಟೇ. ಸರ್ಕಾರಿ ಇಲಾಖೆ ಜೊತೆ ಕೆಲಸ ಆದ್ರೆ ಇದನ್ನ ಮೊದ್ಲೇ ಕೇಳ್ಕೊಳ್ಳಿ, ಸಾಫ್ಟ್‌ವೇರ್ ಓಪನ್ ಸೋರ್ಸ್ ಆಗಿರೋದ್ರಿಂದ ನಿಮ್ಮದೇ ಸರ್ವರಲ್ಲಿ ಹಾಕ್ಕೋಬಹುದು ಆದ್ರೆ ಅದಕ್ಕೆ ಗೊತ್ತಿರೋ ಹುಡುಗ ಬೇಕು.

ದುಡ್ಡು: ಉಚಿತ ಪ್ಲಾನಲ್ಲಿ ತಿಂಗಳಿಗೆ ತುಂಬಿ ಕಳ್ಸೋ ಫಾರ್ಮ್ ಇಷ್ಟು, ಸ್ಟೋರೇಜ್ ಇಷ್ಟು ಅಂತ ಮಿತಿ ಇದೆ, ಆಗಾಗ ಬದಲಾಗ್ತಿರುತ್ತೆ, ಶುರು ಮಾಡೋ ದಿನ ಅವರ ಸೈಟಲ್ಲೇ ನೋಡ್ಕೊಳ್ಳಿ. ಪೈಲಟಿಗೆ ಯಾವತ್ತೂ ಸಾಲದೇ ಬರಲ್ಲ, ಆಡಿಯೋ ಜಾಸ್ತಿ ರೆಕಾರ್ಡ್ ಮಾಡಿದ್ರೆ ಮಾತ್ರ ಸ್ಟೋರೇಜ್ ಮೇಲೆ ಕಣ್ಣಿರಲಿ. ದೊಡ್ಡ ಫಂಡ್ ಇದ್ದು, ಮರುಭೇಟಿ ಮಾಡಿ ಉತ್ತರ ತಾಳೆ ನೋಡೋದೆಲ್ಲ ಸಾಫ್ಟ್‌ವೇರೇ ಮಾಡ್ಬೇಕು ಅಂದ್ರೆ ಸರ್ವೆಸಿಟಿಓ ನೋಡಿ, ಅದೂ ಇದೇ ಓಡಿಕೆ ಮನೆತನದ್ದೇ, ಎಕ್ಸೆಲ್ ಫೈಲ್ ಹೆಚ್ಚುಕಡಿಮೆ ಹಂಗೇ ಓಡುತ್ತೆ, ದುಡ್ಡು ಮಾತ್ರ ಕೊಡ್ಬೇಕು.

ಕೊನೇದಾಗಿ ಒಂದು, ಪೈಲಟ್ ಮುಗಿದ ಮೇಲೆ ಅದೇ ಪ್ರಾಜೆಕ್ಟಲ್ಲಿ ಮುಖ್ಯ ಸರ್ವೆ ಶುರು ಮಾಡ್ಬೇಡಿ. ಕ್ಲೋನ್ ಅಂತ ಬಟನ್ ಇದೆ, ಹೊಸ ಪ್ರಾಜೆಕ್ಟ್ ಮಾಡಿ, ತೆಗೆದಿದ್ದ ಕಡ್ಡಾಯ, ಮಿತಿ ಎಲ್ಲ ಅದರಲ್ಲಿ ವಾಪಸ್ ಹಾಕಿ, ಹೆಸರಲ್ಲೇ "ಫೈನಲ್" ಅಂತ ಬರೆದು ಹಳೇ ಫಾರ್ಮನ್ನ ಆರ್ಕೈವ್ ಮಾಡಿಬಿಡಿ. ಎರಡೂ ಫೋನಲ್ಲಿ ಕಾಣ್ತಿದ್ರೆ ಯಾರಾದ್ರೂ ಒಬ್ಬರು ಇಡೀ ದಿನ ಹಳೇದರಲ್ಲಿ ತುಂಬ್ಕೊಂಡು ಬಂದೇ ಬರ್ತಾರೆ.